ಎರಡು ಬೆರಳಿನ ಇಳಿಜಾರು

ಆ ಗೂಡ್ಸ್ ಗಾಡಿ ಡ್ರೈವರ್ ವಾಡಿಯ ನಮ್ಮ ಜಿಮ್ಮಿಗೆ ಮೊದಲು ಬಂದದ್ದು ಸೋಮವಾರವೋ ಮಂಗಳವಾರವೋ ಈಗ ಖಚಿತವಿಲ್ಲ. ದಿನಚರಿ ಸೋಮವಾರ ಎನ್ನುತ್ತದೆ. ಆದರೆ ನಾನು ದಿನಚರಿ ಬರೆಯುವುದು ಸಂಜೆ ಸೇಡಂಗೆ ಮರಳುವ ಪ್ಯಾಸೆಂಜರಿನಲ್ಲಿ ಕೂತು. ಎಷ್ಟೋ ಸಲ ಎರಡು ದಿನದ್ದನ್ನು ಒಟ್ಟಿಗೆ ಬರೆದಿದ್ದೇನೆ. ಆದ್ದರಿಂದ ಇಲ್ಲಿನ ಅಂಕಿಗಳನ್ನು ಜಿಮ್ಮಿನ ರಿಜಿಸ್ಟರಿನಿಂದ ತೆಗೆದುಕೊಂಡಿದ್ದೇನೆ, ಮಾತುಗಳಲ್ಲಿ ಕೆಲವನ್ನು ದಿನಚರಿಯಿಂದ, ಉಳಿದದ್ದನ್ನು ನೆನಪಿನಿಂದ. ಈ ಮೂರನೆಯದನ್ನು ನಾನೇ ಪೂರ್ತಿ ನಂಬುವುದಿಲ್ಲ.

ಡ್ರೈವರ್ ಸಾಹೇಬರಿಗೆ ಐವತ್ತಮೂರು ವರ್ಷ. ಮಳಖೇಡದವರು. ಎದೆ ಬಿಗಿಯುತ್ತದೆ ಎಂದು ಆಸ್ಪತ್ರೆಗೆ ಹೋದಾಗ ಅಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಪರೀಕ್ಷಿಸಿದ್ದರು. ಹೃದಯದಲ್ಲಿ ಅಂಥ ದೋಷವೇನೂ ಕಾಣಲಿಲ್ಲವಂತೆ. ಆದರೆ ಐದು ನಿಮಿಷಕ್ಕೇ ಉಸಿರು ಕಟ್ಟಿ ಕೈಚೆಲ್ಲಿದ್ದರು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಆಗ ಒಂಬತ್ತು ನಿಮಿಷ ಪೂರೈಸಿದರೆ ಮರಳಿ ಇಂಜಿನ್, ಇಲ್ಲದಿದ್ದರೆ ನಿವೃತ್ತಿಯವರೆಗೂ ಕುರ್ಚಿ ಕೆಲಸ. ಅಷ್ಟು ದಿನ ಅವರನ್ನು ಡ್ಯೂಟಿ ಬರೆಯುವ ಕೋಣೆಯಲ್ಲಿ ಕೂರಿಸಿದ್ದರು.

"ಅಕ್ಕೋರ, ಮೂವತ್ತು ವರ್ಸ ಗಾಡಿ ಒಯ್ದೀನಿ. ಈಗ ಬ್ಯಾರೆಯವರು ಗಾಡಿ ಒಯ್ಯೋದು ಬರದು ಇಡಲಿಕತ್ತೀನಿ" ಎಂದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಪಡೆದ ನನಗೆ ಆ ಕರೆ ಹಿತವೆನಿಸಿತು. ಅದಕ್ಕಿಂತ ದೊಡ್ಡ ಕರೆ ಇನ್ನೊಂದಿದೆಯೆಂದು ಆಗ ಗೊತ್ತಿರಲಿಲ್ಲ.

ವೈದ್ಯರ ಚೀಟಿ ತಂದವರನ್ನು ನಾನು ನೋಡಿಕೊಳ್ಳುತ್ತಿದ್ದೆ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದೂವರೆಯವರೆಗೆ. ಡ್ರೈವರ್ ಸಾಹೇಬರ ಚೀಟಿಯಲ್ಲಿ ಅಭ್ಯಾಸದ ಹೊತ್ತಿಗೆ ನಾಡಿ ನೂರ ಮೂವತ್ತೈದು ದಾಟಬಾರದು ಎಂದಿತ್ತು. ಮೊದಲ ವಾರ ಅವರಿಗೆ ಏನನ್ನೂ ಕಲಿಸಲಿಲ್ಲ, ಬರೀ ನೋಡಿದೆ. ದಿನಕ್ಕೊಂದು ಯಂತ್ರ, ಮೂರು ನಿಮಿಷದ ಮೂರು ಸುತ್ತು. ಪ್ರತಿ ಸುತ್ತಿನ ಕೊನೆಗೆ ಮಣಿಕಟ್ಟು ಹಿಡಿದು ಹದಿನೈದು ಸೆಕೆಂಡು ನಾಡಿ ಎಣಿಸುವುದು. ಜೊತೆಗೆ ಮಾತಿನ ಪರೀಕ್ಷೆ: ಒಂದೇ ಉಸಿರಿನಲ್ಲಿ ವಾಡಿ, ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಎಂದು ಹೇಳಬೇಕು. ಎಲ್ಲಿ ಉಸಿರು ತುಂಡಾಗುತ್ತದೋ ಆ ಊರನ್ನು ಬರೆದುಕೊಳ್ಳುತ್ತಿದ್ದೆ.

ಒಂದೇ ದೇಹ ಒಂದೊಂದು ಯಂತ್ರಕ್ಕೆ ಒಂದೊಂದು ಥರ ಉತ್ತರ ಕೊಡುತ್ತದೆ. ಸೈಕಲ್ ಮೇಲೆ ಮೈಭಾರವನ್ನು ಸೀಟು ಹೊರುವುದರಿಂದ ಅವರ ಉಸಿರಿಗಿಂತ ಮೊದಲು ತೊಡೆ ಸೋತಿತು. ನಾಡಿ ನೂರ ಹತ್ತರಲ್ಲಿರುವಾಗಲೇ "ತೊಡಿ ಸುಡಲಿಕತ್ತದ" ಎಂದು ಇಳಿದರು. ಕೈ ಕಾಲು ಎರಡನ್ನೂ ಆಡಿಸುವ ಕ್ರಾಸ್ ಟ್ರೇನರ್ ಇದಕ್ಕೆ ತಿರುಗು ಮುರುಗು. ಅದರ ಮೇಲೆ ಹಗುರ ಅನ್ನಿಸುತ್ತದೆ ಎಂದು ನಗುತ್ತಿದ್ದರು, ನಾಡಿ ಮಾತ್ರ ನೂರ ಮೂವತ್ತರ ಹತ್ತಿರ. ಕೈಗಳು ಕೆಲಸಕ್ಕಿಳಿದರೆ ಹೃದಯಕ್ಕೆ ಗೊತ್ತಾಗುತ್ತದೆ, ಮನಸ್ಸಿಗೆ ತಡವಾಗಿ ಗೊತ್ತಾಗುತ್ತದೆ. ದೋಣಿಗೆ ಹುಟ್ಟು ಹಾಕುವ ಹಾಗೆ ಎಳೆಯುವ ಯಂತ್ರದಲ್ಲಿ ಸೊಂಟ ಬಗ್ಗಿಸಲಾರದೆ ಬರೀ ತೋಳಿನಿಂದ ಎಳೆದು ಎರಡು ದಿನ ಭುಜ ಹಿಡಿದುಕೊಂಡರು. ಟ್ರೆಡ್‌ಮಿಲ್ ಮೇಲೆ ಏರು ಕೊಟ್ಟಾಗ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಕಣ್ಣಿಗಿಳಿಯಿತು.

"ಈ ಮಷಿನ್ ಮ್ಯಾಲ ಎಷ್ಟು ನಡದ್ರೂ ವಾಡಿನೇ ಅಲ್ರೀ ಅಕ್ಕೋರ. ಸಿಗ್ನಲ್ ಬಿದ್ದೇ ಇಲ್ಲ."

ಪರೀಕ್ಷೆ ಟ್ರೆಡ್‌ಮಿಲ್ ಮೇಲೆಯೇ ಇದ್ದದ್ದರಿಂದ ಅದನ್ನೇ ಮುಖ್ಯ ಮಾಡಿಕೊಂಡೆ. ಆಸ್ಪತ್ರೆಯಲ್ಲಿ ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಹೆಚ್ಚುತ್ತವೆ; ಏರು ಶೇಕಡಾ ಹತ್ತರಿಂದ ಹನ್ನೆರಡು, ಅಲ್ಲಿಂದ ಹದಿನಾಲ್ಕು. ನಮ್ಮ ಯಂತ್ರದಲ್ಲೂ ಹದಿನೈದರವರೆಗೆ ಏರು ಇತ್ತು. ಅದೇ ಮೆಟ್ಟಿಲುಗಳನ್ನು ಹಾಕಿಕೊಂಡು ವಾರವಾರ ಮೇಲಕ್ಕೆ ಒಯ್ಯುವುದು ನನ್ನ ಯೋಜನೆ. ನನ್ನ ಕ್ರಮದ ಬಗ್ಗೆ ಆಗ ನನಗೆ ಹೆಮ್ಮೆಯೂ ಇತ್ತು. ಹಿಂದಿನ ಎರಡು ತಿಂಗಳಲ್ಲಿ ನನ್ನ ಬಳಿ ಬರುವ ಎಲ್ಲರ ನಾಡಿಯೂ ಟ್ರೆಡ್‌ಮಿಲ್ ಮೇಲೆ ಇಳಿದಿತ್ತು. ಅದರ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿದ್ದೆ. ಜಿಮ್ಮಿನ ಮಾಲೀಕರು ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಮೇಡಂ ಯುನಿವರ್ಸಿಟಿಯವರು" ಎನ್ನುತ್ತಿದ್ದರು.

ಮೂರನೆಯ ವಾರ ಮಾಲೀಕರು ಬೆಳಿಗ್ಗೆ ಮತ್ತು ಸಂಜೆಯ ಹೊತ್ತಿಗೆಂದು ಹೊಸ ಟ್ರೇನರನನ್ನು ತಂದರು. ಶಹಾಬಾದಿನವನು. ಹದಿನೈದು ವರ್ಷ ಮನೆಗಳಿಗೆ ಫರಸಿ ಕಲ್ಲು ಹಾಸಿದವನು; ಅದಕ್ಕೂ ಮೊದಲು ಅಪ್ಪನ ಜೊತೆ ಖಣಿಯಲ್ಲಿ ಕಲ್ಲು ಹೊತ್ತವನು. ಓದು ಎಂಟನೆಯ ತರಗತಿ. ಮೈ ಮಾತ್ರ ಕಡೆದ ಹಾಗಿತ್ತು. ಬಂದ ಎರಡನೆಯ ದಿನ ಅವನು ಟ್ರೆಡ್‌ಮಿಲ್ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೆಲ ಸವರುತ್ತಿದ್ದದ್ದು ನೆನಪಿದೆ. ಕಲ್ಲು ಒಳ್ಳೆಯ ಜಾತಿಯದು ಎಂದನೆಂದು ನನ್ನ ನೆನಪು.

ಒಂದು ವಾರದೊಳಗೆ ಎಲ್ಲರೂ ಅವನನ್ನು, ಗರಡಿಯ ಗುರುವನ್ನು ಕರೆಯುವ ಹಾಗೆ, ಉಸ್ತಾದ್ ಎನ್ನತೊಡಗಿದರು. ಡ್ರೈವರ್ ಸಾಹೇಬರೂ. ಹನ್ನೊಂದಕ್ಕೆ ಬರುತ್ತಿದ್ದವರು ಡ್ಯೂಟಿ ನೆಪ ಹೇಳಿ ನಾಲ್ಕೂವರೆಗೆ ಬರಲಾರಂಭಿಸಿದರು. ನನ್ನ ಹತ್ತಿರ ಟ್ರೆಡ್‌ಮಿಲ್ ಮುಗಿಸಿ, ಐದಕ್ಕೆ ಅವನು ಬಂದೊಡನೆ ಸೈಕಲ್ ಹತ್ತಿ ಕೂತು ಹರಟುವುದು. ನನ್ನ ಎದುರು ಸ್ಟೇಷನ್ ಹೆಸರು ಹೇಳುವಾಗ ಪರೀಕ್ಷೆಗೆ ಕೂತವರಂತೆ ಇರುತ್ತಿದ್ದ ಮುಖ ಅವನ ಎದುರು ಬೇರೆಯೇ ಆಗುತ್ತಿತ್ತು.

"ಉಸ್ತಾದ್, ಈ ಹೊಟ್ಟಿ ಎಂದ ಕರಗತದ?"

"ಅದು ಸಾಲಿಡ್ ಮಾಲ್ ಅದ ಸಾಹೇಬ್ರ. ಮನ್ಯಾಗ ಭಾಳ ಪ್ರೀತಿಲಿಂದ ಹಾಸ್ಯಾರ. ಒಮ್ಮಿಗೇ ಕಿತ್ತಬಾರದು."

ಇಬ್ಬರೂ ನಗುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಿದ್ದೆ.

ಅವನು ನಾಡಿ ಹಿಡಿಯುತ್ತಿರಲಿಲ್ಲ. ಕಿವಿಯ ಬಣ್ಣ, ಕುತ್ತಿಗೆಯ ನರ ನೋಡಿ, ಭುಜದ ಮೇಲೆ ಕೈ ಇಟ್ಟು "ಸಾಕು, ಇಳೀರಿ" ಎನ್ನುತ್ತಿದ್ದ. ಒಮ್ಮೆ "ನೂರಾ ಇಪ್ಪತ್ತರ ಮ್ಯಾಲ ಹೋಗ್ಯದ ನೋಡ್ರಿ ಮೇಡಂ" ಎಂದ. ನಾನು ಎಣಿಸಿದೆ: ನೂರ ಇಪ್ಪತ್ತನಾಲ್ಕು. ಆ ದಿನದಿಂದ ರಿಜಿಸ್ಟರಿನ ಕೊನೆಯ ಪುಟದಲ್ಲಿ ಅವನ ಅಂದಾಜು ತಪ್ಪಿದ ಸಲಗಳನ್ನು ಗುರುತು ಹಾಕಲು ಶುರುಮಾಡಿದೆ. ಆ ಪುಟ ಈಗಲೂ ಇದೆ. ಒಂದು ತಿಂಗಳಲ್ಲಿ ಮೂರು ಗುರುತು. ಅವುಗಳಲ್ಲಿ ಒಂದನ್ನು ನಾನೇ ತಪ್ಪಾಗಿ ಎಣಿಸಿದ್ದೆನೇನೋ ಎಂಬ ಶಂಕೆಯೂ ಇದೆ.

ಡ್ರೈವರ್ ಸಾಹೇಬರು ನನ್ನ ಯೋಜನೆಯಂತೆಯೇ ಮುಂದುವರಿಯುತ್ತಿದ್ದರು. ಎರಡನೆಯ ತಿಂಗಳ ಕೊನೆಗೆ ಹನ್ನೆರಡರ ಏರನ್ನು ಪೂರ್ತಿ ಮುಗಿಸಿದಾಗ ನಾಡಿ ನೂರ ಹದಿನೆಂಟು, ಉಸಿರು ಸೇಡಂವರೆಗೆ. ಆದರೆ ಮೊಣಕಾಲಿನ ಮುಂಭಾಗ ನೋಯುತ್ತದೆ ಎಂದು ದೂರತೊಡಗಿದರು. ಉಸ್ತಾದ್ ಅವರ ಕಾಲು ಒತ್ತಿ ನೋಡಿ ನನ್ನ ಹತ್ತಿರ ಬಂದ.

"ಮೇಡಂ, ಖಣಿ ಏರೋರಿಗಿ ಮೀನಖಂಡ ಹಿಡೀತದ. ಕಲ್ಲು ಹೊತ್ತು ಇಳಿಯೋರಿಗಿ ಮೊಣಕಾಲ ಮುಂದ ನೋಯ್ತದ. ಸಾಹೇಬ್ರು ದಿನಾ ಏರಲಿಕತ್ತಾರ, ನೋವು ನೋಡಿದ್ರ ಇಳಿಯೋರದು ಅದ."

ಅದು ಪುಸ್ತಕದಲ್ಲೂ ಇರುವ ಮಾತು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮೊಣಕಾಲಿನ ಮೇಲೆ ಒತ್ತಡ ಬೀಳುತ್ತದೆ. ಮೈ ಬಿಸಿ ಮಾಡಲು ಮೊದಲ ಹತ್ತು ನಿಮಿಷ, ತಣ್ಣಗಾಗಲು ಕೊನೆಯ ಹತ್ತು ನಿಮಿಷ ನಾನು ಅವರನ್ನು ಸೊನ್ನೆ ಏರಿನಲ್ಲಿ, ಅಂದರೆ ಸಮತಟ್ಟಿನಲ್ಲಿ, ಚುರುಕಾಗಿ ನಡೆಸುತ್ತಿದ್ದೆ. ಅವನ ಮಾತು ಕೇಳಿದೊಡನೆ ಆ ಸಮತಟ್ಟಿನ ಮೇಲೆಯೇ ನನಗೆ ಸಂದೇಹ ಬರಬೇಕಿತ್ತು. ನಾನು ಹೇಳಿದ್ದು, "ಖಣಿ ಬ್ಯಾರೆ, ಮಷಿನ್ ಬ್ಯಾರೆ. ಇಲ್ಲಿ ಪರದೆ ಮ್ಯಾಲ ಸೊನ್ನೆ ಅಂತ ಬರದದ, ಓದಲಿಕ್ಕಿ ಬರ್ತದಲ್ಲ?"

ಕೊನೆಯ ಮಾತು ದಿನಚರಿಯಲ್ಲಿಲ್ಲ. ಆದರೆ ಹೇಳಿದ್ದೇನೆ, ಅವನ ಮುಖ ನೆನಪಿದೆ.

ಪರೀಕ್ಷೆಗೆ ಹನ್ನೆರಡು ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ ಜಿಮ್ಮಿನಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಕೂತಾಗ ನನ್ನ ಸ್ಟೀಲ್ ಬಾಟಲಿ ಕೈತಪ್ಪಿ ಬಿತ್ತು. ಬಿದ್ದಲ್ಲಿ ನಿಲ್ಲದೆ ಉರುಳತೊಡಗಿತು. ಅವಸರವಿಲ್ಲದೆ ಉರುಳಿ, ಟ್ರೆಡ್‌ಮಿಲ್ಲಿನ ಅಡಿಯಿಂದ ಹಾದು, ಹಿಂಗೋಡೆಯ ಬುಡದಲ್ಲಿದ್ದ ಮುಚ್ಚಿದ ಮೋರಿಯ ತೂತಿಗೆ ತಾಗಿ ನಿಂತಿತು.

ನಮ್ಮ ಜಿಮ್ಮಿನ ಕಟ್ಟಡ ಮೊದಲು ಹಾಲು ಸಂಗ್ರಹಿಸುವ ಡೇರಿಯಾಗಿತ್ತು. ನಮ್ಮ ಕಡೆ ಫರಸಿ ಹಾಸುವವರು ಯಾವ ನೆಲವನ್ನೂ ಪೂರ್ತಿ ಸಮ ಹಾಸುವುದಿಲ್ಲ; ತೊಳೆದ ನೀರು ಓಡಬೇಕೆಂದು ಮೋರಿಯ ಕಡೆಗೆ ಇಳಿಜಾರು ಕೊಡುತ್ತಾರೆ. ದಿನಕ್ಕೆ ಎರಡು ಸಲ ತೊಳೆಯುವ ಡೇರಿಗೆ ಇನ್ನೂ ಹೆಚ್ಚು. ಇಂಥ ನೆಲದ ಮೇಲೆಯೇ ಹುಟ್ಟಿ ಬೆಳೆದವಳು ನಾನು. ಆದ್ದರಿಂದಲೇ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಊಟದ ಡಬ್ಬಿಯ ಮುಚ್ಚಳ ತೊಳೆದು, ನೀರು ತುಂಬಿ, ಸೊನ್ನೆ ತೋರಿಸುತ್ತಿದ್ದ ಟ್ರೆಡ್‌ಮಿಲ್ಲಿನ ಪಟ್ಟಿಯ ಮೇಲಿಟ್ಟೆ. ನೀರು ಮುಂದಿನ ಅಂಚಿಗೆ ಸರಿದು ಚೆಲ್ಲಿತು. ಯಂತ್ರದ ಮುಂಗಾಲು ಹಿಂಗಾಲಿಗಿಂತ ಎರಡು ಬೆರಳು ಕೆಳಗಿತ್ತು.

ಯಂತ್ರವನ್ನು ಆ ದಿಕ್ಕಿಗೆ ತಿರುಗಿಸಿದವಳು ನಾನೇ. ಮೊದಲು ಅದರ ಮುಖ ರಸ್ತೆಯ ಕಡೆಗಿತ್ತು. ಗಾಜಿನ ಹೊರಗೆ ನಿಂತು ನೋಡುವವರಿಂದ ಮಧ್ಯಾಹ್ನ ಬರುವ ಹೆಣ್ಣುಮಕ್ಕಳು ಸಂಕೋಚಪಡುತ್ತಾರೆಂದು, ಹಿಂಗೋಡೆಗೆ ಮುಖ ಮಾಡಿಸಿದ್ದೆ. ಅಲ್ಲಿಯವರೆಗೆ ಸೊನ್ನೆ ಎಂದರೆ ಎರಡು ಬೆರಳು ಏರು. ಅಲ್ಲಿಂದಾಚೆ ಎರಡು ಬೆರಳು ಇಳಿಜಾರು. ಎಲ್ಲರ ನಾಡಿ ಇಳಿದದ್ದು ಸರಿಯಾಗಿ ಆ ವಾರದಿಂದ. ಗೋಡೆಯ ಮೇಲಿನ ನಕ್ಷೆ ನನ್ನ ಕ್ರಮದ ನಕ್ಷೆಯಾಗಿರಲಿಲ್ಲ, ಗವಂಡಿಯೊಬ್ಬ ಹಾಸಿದ ನೆಲದ ನಕ್ಷೆಯಾಗಿತ್ತು. ಡ್ರೈವರ್ ಸಾಹೇಬರು ಹನ್ನೆರಡು ಎಂದು ಹತ್ತುತ್ತಿದ್ದದ್ದು ಹತ್ತನ್ನೂ ಮುಟ್ಟಿರಲಿಲ್ಲ.

ಮುಚ್ಚಳದ ನೀರು ಒರೆಸಿದೆ. ಯಾರಿಗೂ ಹೇಳಲಿಲ್ಲ.

ನಾಲ್ಕು ದಿನ ಹೇಳಲಿಲ್ಲ. ಈ ನಾಲ್ಕು ದಿನಗಳ ದಿನಚರಿಯಲ್ಲಿ ಬರೀ ಗಾಡಿಯ ಹೊತ್ತು ಮತ್ತು ಸೆಕೆಯ ಬಗ್ಗೆ ಬರೆದಿದ್ದೇನೆ. ಆತ್ಮವಿಶ್ವಾಸ ಕುಂದಿಸಬಾರದು, ಇನ್ನೊಮ್ಮೆ ಅಳೆದು ನೋಡಬೇಕು ಎಂದೆಲ್ಲ ನನಗೆ ನಾನೇ ಹೇಳಿಕೊಂಡದ್ದುಂಟು. ಅವು ನೆಪ. ನಿಜವಾದ ಕಾರಣ ಒಂದೇ: ಹೇಳಿದರೆ ಮೊಣಕಾಲಿನ ವಿಚಾರದಲ್ಲಿ ಅವನು ಗೆದ್ದ ಹಾಗಾಗುತ್ತಿತ್ತು.

ಮೂರನೆಯ ದಿನ ಡ್ರೈವರ್ ಸಾಹೇಬರು ಮೊದಲ ಸಲ ಒಂಬತ್ತು ನಿಮಿಷ ಮುಗಿಸಿದರು. ನಾಡಿ ನೂರ ಮೂವತ್ತೆರಡು. ಮರುದಿನ ಹೆಂಡತಿ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ತಂದರು. ನಾನು ಎದುರಿಗೇ ನಿಂತಿದ್ದರೂ ಉಸ್ತಾದ್ ಬರುವವರೆಗೆ ಕಾದು, ಮುಚ್ಚಳ ತೆಗೆದು ಮೊದಲು ಅವನ ಮುಂದೆ ಹಿಡಿದರು. ಅವನು ಡಬ್ಬಿಯನ್ನು ನನ್ನ ಕಡೆ ತಿರುಗಿಸಿ "ಮೊದಲ ಮೇಡಂಗ ಕೊಡ್ರಿ" ಎಂದ. ಅದು ಇನ್ನೂ ಕೆಟ್ಟದಾಗಿತ್ತು. ಒಂದು ಹೋಳಿಗೆ ತೆಗೆದುಕೊಂಡು ತಿಂದೆ.

ಐದನೆಯ ದಿನ ಡ್ರೈವರ್ ಸಾಹೇಬರು ಬಂದವರೇ ಬೆಂಚಿನ ಮೇಲೆ ಕೂತರು.

"ಅಕ್ಕೋರ, ಒಂದು ಮಾತು ಕೇಳತೀನಿ. ಇಲ್ಲಿ ಹದಿನಾಲ್ಕು ಹತ್ತೀನಿ, ಹೌದಿಲ್ರಿ? ಇವತ್ತು ಸ್ಟೇಷನ್ ಬ್ರಿಡ್ಜ್ ಹತ್ತುಮುಂದ ನಡುವೇ ನಿಲ್ಲಬೇಕಾತು. ಕಂಬ ಹಿಡದು ನಿಂತಿದ್ದೆ. ಹಿಂಗ್ಯಾಕ?"

ಅವರ ಕಿವಿ ಕೆಂಪಗಿತ್ತು. ಉಸ್ತಾದ್ ನೋಡುವ ಹಾಗೆ ನಾನೂ ಆಗ ಕಿವಿ ನೋಡಿದೆ. ಈ ಮನುಷ್ಯ ನನ್ನ ಸೊನ್ನೆಯನ್ನು ನಂಬಿ ಆಸ್ಪತ್ರೆಯ ಯಂತ್ರ ಹತ್ತಲಿದ್ದಾರೆ. ಅಲ್ಲಿ ಹದಿನಾಲ್ಕು ಎಂದರೆ ಹದಿನಾಲ್ಕೇ. ಅಲ್ಲಿ ಸೋತರೆ ಇಂಜಿನ್ ಇಲ್ಲ. ಹಟ ಹಿಡಿದು ನಿಲ್ಲದೆ ನಡೆದರೆ ಏನಾದೀತೆಂದು ಯೋಚಿಸಲೂ ಆಗಲಿಲ್ಲ.

ಐದು ಗಂಟೆಗೆ ಉಸ್ತಾದ್ ಬರುವವರೆಗೆ ಕೂರಿಸಿಕೊಂಡೆ. ಅವನು ಬಂದ ಮೇಲೆ ಅದೇ ಮುಚ್ಚಳಕ್ಕೆ ನೀರು ತುಂಬಿ ಪಟ್ಟಿಯ ಮೇಲಿಟ್ಟೆ. ನೀರು ಚೆಲ್ಲಿತು. ಇಬ್ಬರಿಗೂ ಹೇಳಿದೆ.

ಡ್ರೈವರ್ ಸಾಹೇಬರು ಬಗ್ಗಿ ಯಂತ್ರದ ಮುಂಗಾಲು ಮುಟ್ಟಿ ನೋಡಿದರು.

"ಅಂದ್ರ ಇಷ್ಟು ದಿನ ಇಳಕಲದಾಗ ಗಾಡಿ ಬಿಟ್ಟು, ನಾನೇ ಓಡಸಲಿಕತ್ತೀನಿ ಅನಕೊಂಡಿದ್ದೆನೇನ್ರಿ?"

ನಾನು ಪಟ್ಟಿಯ ಮೇಲಿನ ನೀರು ಒರೆಸಿದೆ.

"ನಿಮಗ ಯಾವಾಗ ಗೊತ್ತಾತ್ರಿ?"

"ನಾಲ್ಕು ದಿನ ಆತ್ರಿ."

"ನಿನ್ನಿ ಹೋಳಿಗಿ ತಿಂದ್ರಲ್ಲ."

ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದರು. ಎರಡು ದಿನ ಬರಲಿಲ್ಲ.

ಆ ಎರಡು ದಿನಗಳಲ್ಲಿ ಉಸ್ತಾದ್ ಯಂತ್ರವನ್ನು ಸಮ ಮಾಡಿದ. ಶಹಾಬಾದಿನಿಂದ ಫರಸಿಯ ತುಂಡು ತಂದು, ಕಡಿದು, ಮುಂಗಾಲುಗಳಡಿ ಕೂರಿಸಿ, ಗವಂಡಿಯ ರಸಮಟ್ಟ ಇಟ್ಟು ನೋಡಿ, ಮತ್ತೆ ತೆಗೆದು, ಉಜ್ಜಿ, ಮತ್ತೆ ಕೂರಿಸಿದ. ನಾನು ಮುಚ್ಚಳ ಹಿಡಿದು ನಿಂತಿದ್ದೆ. ಗೋಡೆಯ ನಕ್ಷೆ ಕಿತ್ತೆ. ಮಾಲೀಕರು "ಇರಲಿ ಬಿಡ್ರಿ ಮೇಡಂ, ಯಾರಿಗಿ ಗೊತ್ತಾಗ್ತದ? ನೋಡಲಿಕ್ಕಿ ಛಂದ ಅದ" ಎಂದರು. ಉಸ್ತಾದ್ ನಾಲ್ಕು ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

ಮೂರನೆಯ ದಿನ ಡ್ರೈವರ್ ಸಾಹೇಬರು ಬಂದರು. ಉಸ್ತಾದ್ ಮನೆಗೆ ಹೋಗಿ ಕರೆದಿದ್ದನೆಂದು ಆಮೇಲೆ ತಿಳಿಯಿತು. ಸಮ ಮಾಡಿದ ಯಂತ್ರದ ಮೇಲೆ ನಡೆಸಿದೆವು. ಹನ್ನೆರಡರ ಏರಿನಲ್ಲೇ ನೂರ ಇಪ್ಪತ್ತೊಂಬತ್ತು. ಹದಿನಾಲ್ಕಕ್ಕೆ ಏರಿಸಿದ ಒಂದು ನಿಮಿಷಕ್ಕೆ ನೂರ ಮೂವತ್ತಾರು, ಉಸಿರು ಚಿತ್ತಾಪುರಕ್ಕೇ ತುಂಡಾಯಿತು. ನಿಲ್ಲಿಸಿದೆ. ಪರೀಕ್ಷೆಗೆ ಐದು ದಿನವಿತ್ತು.

"ತಾರೀಖು ಮುಂದಕ್ಕ ಹಾಕಸ್ರಿ" ಎಂದೆ. "ತಪ್ಪು ನಂದು ಅಂತ ನಾನೇ ಬರದು ಕೊಡತೀನಿ."

"ಇನ್ನೂ ಎಷ್ಟು ದಿನ ಆ ಕುರ್ಚಿ ಮ್ಯಾಲ ಕುಂದ್ರಲಿ ಅಕ್ಕೋರ?"

"ಆರು ವಾರ."

ಅವರು ಉಸ್ತಾದ್ ಕಡೆ ನೋಡಿದರು. ನಾನೂ ನೋಡಿದೆ. "ಮೇಡಂ ಹೇಳಿದ್ದು ಖರೇ ಅದ" ಎಂದ ಅವನು. ಒಪ್ಪಿದರು. ನನ್ನ ಪತ್ರವನ್ನು ವೈದ್ಯರು ಓದಿ ನಕ್ಕರಂತೆ. ಹೊಸ ತಾರೀಖು ಕೊಟ್ಟರು.

ಆ ಆರು ವಾರ ನಾನು ಮಾಡಿದ ಕೆಲಸ ನನಗೆ ಇಷ್ಟ. ಮತ್ತೆ ಮೊದಲಿನಿಂದ ಎಲ್ಲ ಯಂತ್ರ. ಸೈಕಲ್ ಈಗ ತೊಡೆಗೆ ಬಲ ಕೊಡಲು, ಒಂದು ದಿನ ಬಿಟ್ಟು ಒಂದು ದಿನ. ಹುಟ್ಟಿನ ಯಂತ್ರದಲ್ಲಿ ಸೊಂಟದಿಂದ ಎಳೆಯುವುದನ್ನು ಉಸ್ತಾದ್ ಕಲಿಸಿದ: "ಕಲ್ಲು ಎತ್ತೋರು ಕೈಲಿಂದ ಎತ್ತಲ್ಲ ಸಾಹೇಬ್ರ, ಕಾಲಿಂದ ಎತ್ತತಾರ." ಟ್ರೆಡ್‌ಮಿಲ್ ವಾರಕ್ಕೆ ಮೂರೇ ಸಲ, ವಾರಕ್ಕೆ ಅರ್ಧ ಮೆಟ್ಟಿಲು ಮಾತ್ರ ಮೇಲೆ. ಪ್ರತಿ ಶನಿವಾರ ಯಂತ್ರವೇ ಇಲ್ಲ, ಸ್ಟೇಷನ್ನಿನ ಬ್ರಿಡ್ಜ್. ನಾನು ಮೇಲೆ ಗಡಿಯಾರ ಹಿಡಿದು ನಿಲ್ಲುತ್ತಿದ್ದೆ, ಉಸ್ತಾದ್ ಅವರ ಹಿಂದೆ ಒಂದು ಮೆಟ್ಟಿಲು ಕೆಳಗೆ ಬರುತ್ತಿದ್ದ. ಬ್ರಿಡ್ಜಿನ ನಾಡಿಯೂ ಟ್ರೆಡ್‌ಮಿಲ್ಲಿನ ನಾಡಿಯೂ ಕೊನೆಗೂ ಒಂದನ್ನೊಂದು ಒಪ್ಪತೊಡಗಿದವು. ಮೊಣಕಾಲ ನೋವು ತಾನಾಗಿ ಹೋಯಿತು. ಅದರ ಬದಲು ಮೀನಖಂಡ ಹಿಡಿಯಿತು. ಅದನ್ನು ಕೇಳಿ ಉಸ್ತಾದ್ ಖುಷಿಯಿಂದ ತೊಡೆ ತಟ್ಟಿಕೊಂಡ.

ಪರೀಕ್ಷೆಯ ದಿನ ಆಸ್ಪತ್ರೆಯಲ್ಲಿ ಡ್ರೈವರ್ ಸಾಹೇಬರು ಒಂಬತ್ತು ನಿಮಿಷದ ಮೇಲೆ ಇನ್ನೂ ನಲವತ್ತು ಸೆಕೆಂಡು ನಡೆದರು. ವೈದ್ಯರೇ ಸಾಕು ಎಂದರಂತೆ. ಕಾಗದ ಹಿಡಿದು ನೇರ ಜಿಮ್ಮಿಗೆ ಬಂದು, ಬಾಗಿಲಲ್ಲೇ "ಉಸ್ತಾದ್!" ಎಂದು ಕೂಗಿ ಅವನನ್ನು ಅಪ್ಪಿಕೊಂಡರು. ಆಮೇಲೆ ನನ್ನ ಮುಂದೆ ಬಂದು ನಿಂತು, ಎರಡೂ ಕೈ ಜೋಡಿಸಿ, "ಶರಣ್ರಿ ಅಕ್ಕೋರ" ಎಂದು ಒಂದೇ ಉಸಿರಿನಲ್ಲಿ ವಾಡಿಯಿಂದ ತಾಂಡೂರಿನವರೆಗೆ ಹೇಳಿದರು. ಹೋಳಿಗೆಯ ಮಾತು ಮತ್ತೆ ಬರಲಿಲ್ಲ. ನಾನು ನಕ್ಕೆ. ನಗುತ್ತಿರುವಾಗಲೂ, ಅಪ್ಪುಗೆ ಅವನಿಗೆ ಮೊದಲು ಸಿಕ್ಕಿತು ಎಂದು ಒಳಗೆ ಎಣಿಸುತ್ತಿದ್ದೆ.

ಇದನ್ನು ಇಲ್ಲಿಗೇ ಮುಗಿಸಬಹುದಿತ್ತು. ಇಳಿಜಾರನ್ನು ಕಂಡುಹಿಡಿದವಳು ನಾನು, ತಡವಾಗಿಯಾದರೂ ಒಪ್ಪಿಕೊಂಡವಳೂ ನಾನು ಎಂಬ ಒಂದು ಸಮಾಧಾನ ಉಳಿದಿತ್ತು. ಆದರೆ ಇದನ್ನು ಬರೆಯಲು ತಾರೀಖುಗಳನ್ನು ಸರಿಪಡಿಸಿಕೊಳ್ಳುತ್ತಾ, ಉಸ್ತಾದ್ ಬಂದ ವಾರದ ದಿನಚರಿ ತೆರೆದೆ. ಅವನ ಎರಡನೆಯ ದಿನ. ನನ್ನದೇ ಅಕ್ಷರ, ಗಾಡಿಯ ಕುಲುಕಾಟಕ್ಕೆ ಸ್ವಲ್ಪ ಓರೆಯಾಗಿದೆ: "ಹೊಸಬ ನೆಲ ಸವರಿ ನೋಡಿ ಮಷಿನ್ ಢಾಳದ ಮ್ಯಾಲ ಕುಂತದ ಅಂದ. ಫರಸಿ ಹಾಸುವವನಿಗೆ ಎಲ್ಲವೂ ಫರಸಿಯೇ."

ಢಾಳ ಎಂದರೆ ನಮ್ಮ ಕಡೆ ಇಳಿಜಾರು. ಅವನು ಕಲ್ಲಿನ ಜಾತಿಯ ಬಗ್ಗೆ ಹೇಳಿದ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ತಿದ್ದಿಲ್ಲ. ನನ್ನ ನೆನಪು ಏನು ಮಾಡಿತ್ತೆಂದು ಗೊತ್ತಾಗಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.

ಮರುದಿನ ಆ ಪುಟವನ್ನು ಅವನಿಗೆ ಓದಿ ಹೇಳಿದೆ. ಎರಡನೆಯ ವಾಕ್ಯವನ್ನೂ ಬಿಡಲಿಲ್ಲ. ಅವನು ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಿ, ಸ್ವಲ್ಪ ಹೊತ್ತು ಯೋಚಿಸಿ, ನಕ್ಕ.

"ಹೇಳಿದ್ದೆನೇನ್ರಿ? ನನಗ ನೆಪ್ಪೇ ಇಲ್ಲ ನೋಡ್ರಿ ಮೇಡಂ."

ಸುಳ್ಳು ಹೇಳುತ್ತಿರಲಿಲ್ಲ; ಅವನ ಮುಖ ನೋಡಿ ಇಷ್ಟು ಹೇಳಬಲ್ಲೆ. ಅವನು ನಿಜವಾಗಿಯೂ ಮರೆತಿದ್ದ. ಆ ಮರೆವನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು.